ಕೊನೆಯ ದಿನದ ಸಹಿ: ಕೆಲಸ ಹೋದಮೇಲೆ ಸಿಗುವ ಭತ್ಯೆಯ ಲೆಕ್ಕ

(ದಾವಣಗೆರೆಯಲ್ಲಿ ಗಾರ್ಮೆಂಟ್ಸ್, ಮಿಲ್ ಮತ್ತು ಗುತ್ತಿಗೆ ಕಾರ್ಮಿಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಶಿಫ್ಟ್ ಮುಗಿಸಿ, ಮನೆಗೂ ಹೋಗದೆ ಬಂದು ಕೂತಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇವೆ.

ಈ ಊರಿಗೆ ಕೆಲಸ ಹೋಗುವುದು ಹೊಸ ಸಂಗತಿಯಲ್ಲ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ನಿಂತುಹೋದದ್ದನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಆಗ ಕೆಲಸ ಹೋದವರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ಕಡೆಯಿಂದ ನಿರುದ್ಯೋಗ ಭತ್ಯೆ ಎಂಬುದೇ ಇರಲಿಲ್ಲ. ಅದು ಶುರುವಾದದ್ದು 2005ರ ಏಪ್ರಿಲ್ 1ರಂದು, ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯ ಮೂಲಕ. ಎರಡನೆಯದು, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ, 2018ರ ಜುಲೈ 1ರಿಂದ ಬಂತು. ಅಂದಿನವರಿಗೆ ಇಲ್ಲದ್ದು ಇಂದಿನವರಿಗೆ ಇದೆ. ಇದ್ದೂ ಕೈತಪ್ಪುತ್ತಿದೆ ಎನ್ನುವುದೇ ನಮ್ಮ ಸಂಕಟ.

ಕೈತಪ್ಪುವುದು ಅರ್ಜಿ ಹಾಕುವಾಗ ಅಲ್ಲ, ಅದಕ್ಕೂ ಮೊದಲೇ. ಕೆಲಸದ ಕೊನೆಯ ದಿನ ಎಚ್‌ಆರ್ ಟೇಬಲ್ ಮೇಲೆ ಒಂದು ಹಾಳೆ ಇರುತ್ತದೆ. ಮೊದಲೇ ಟೈಪ್ ಮಾಡಿದ್ದು, ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಕೆಳಗೆ ಸಹಿಗೆ ಜಾಗ. "ವೈಯಕ್ತಿಕ ಕಾರಣಗಳಿಂದ ನಾನು ರಾಜೀನಾಮೆ ನೀಡುತ್ತಿದ್ದೇನೆ" ಎಂಬುದು ಅದರ ತಿರುಳು. "ಸಹಿ ಹಾಕಮ್ಮ, ಸೆಟ್ಲ್‌ಮೆಂಟ್ ಬೇಗ ಆಗುತ್ತೆ" ಎನ್ನುತ್ತಾರೆ. ಆ ಸಹಿ ಬಿದ್ದ ಗಳಿಗೆಯಲ್ಲಿ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕೋಣ.

ತಿಂಗಳಿಗೆ 14,600 ರೂಪಾಯಿ ಸಂಬಳದ ಒಬ್ಬ ಹೊಲಿಗೆ ಆಪರೇಟರ್ ಎಂದುಕೊಳ್ಳಿ. ಈ ಸಂಬಳಕ್ಕೆ ಇಎಸ್‌ಐಗೆ ಅವರ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿಯಂತೆ ಸುಮಾರು 110 ರೂಪಾಯಿ ಕಡಿತವಾಗುತ್ತದೆ. ಮಾಲೀಕರು ತಮ್ಮ ಪಾಲಾಗಿ ನೂರಕ್ಕೆ ಮೂರೂಕಾಲು ರೂಪಾಯಿಯಂತೆ ಸುಮಾರು 475 ಕಟ್ಟುತ್ತಾರೆ. ಎರಡು ವರ್ಷ ಎಲ್ಲ ತಿಂಗಳೂ ದುಡಿದಿದ್ದರೆ ಒಟ್ಟು ಸಂಬಳ 3,50,400. ಅಟಲ್ ಯೋಜನೆಯಲ್ಲಿ ಈ ಮೊತ್ತವನ್ನು 730 ದಿನಗಳಿಂದ ಭಾಗಿಸುತ್ತಾರೆ, ದಿನಕ್ಕೆ 480 ಬರುತ್ತದೆ. ಅದರ ಅರ್ಧ 240. ಹೆಚ್ಚೆಂದರೆ 90 ದಿನಕ್ಕೆ, ಅಂದರೆ 21,600 ರೂಪಾಯಿ. ಜೀವಮಾನದಲ್ಲಿ ಒಟ್ಟು 90 ದಿನ ಅಷ್ಟೇ.

ಅದೇ ಆಪರೇಟರನ್ನು ರಿಟ್ರೆಂಚ್‌ಮೆಂಟ್ ಮಾಡಿದ್ದರೆ, ಅಂದರೆ ಅವರ ತಪ್ಪಿಲ್ಲದೆ ಮಾಲೀಕರೇ ಕೆಲಸದಿಂದ ಕಡಿಮೆ ಮಾಡಿದ್ದರೆ, ಅಥವಾ ಫ್ಯಾಕ್ಟರಿಯೇ ಮುಚ್ಚಿದ್ದರೆ, ರಾಜೀವ್ ಗಾಂಧಿ ಯೋಜನೆ ಅನ್ವಯಿಸುತ್ತದೆ. ಅಲ್ಲಿ ಮೊದಲ 12 ತಿಂಗಳು ಸಂಬಳದ ನೂರಕ್ಕೆ 50, ಮುಂದಿನ 12 ತಿಂಗಳು ನೂರಕ್ಕೆ 25. ದಿನಕ್ಕೆ 480ರ ಲೆಕ್ಕದಲ್ಲೇ ನೋಡಿದರೂ ಮೊದಲ ವರ್ಷ 87,600, ಎರಡನೇ ವರ್ಷ 43,800, ಒಟ್ಟು ಸುಮಾರು 1,31,400 ರೂಪಾಯಿ. ಆ ಅವಧಿಯುದ್ದಕ್ಕೂ ಮನೆಮಂದಿಗೆ ಇಎಸ್‌ಐ ಚಿಕಿತ್ಸೆಯೂ ಇರುತ್ತದೆ. ಅದೇ ಹೆಂಗಸು, ಅದೇ ಮಷೀನು, ಅದೇ ಸಂಬಳ. ಕಾಗದದ ಮೇಲೆ "ರಾಜೀನಾಮೆ" ಎಂದು ಬರೆದರೋ "ರಿಟ್ರೆಂಚ್‌ಮೆಂಟ್" ಎಂದು ಬರೆದರೋ, ಅದರ ಮೇಲೆ ಒಂದು ಲಕ್ಷಕ್ಕೂ ಮಿಕ್ಕಿದ ಅಂತರ. ಆದ್ದರಿಂದ ಅಕ್ಕಂದಿರೇ, ಅಣ್ಣಂದಿರೇ, ನೀವಾಗಿ ಕೆಲಸ ಬಿಡದಿದ್ದರೆ ಬಿಟ್ಟೆವೆಂದು ಬರೆದುಕೊಡಬೇಡಿ. ಇಂಗ್ಲಿಷ್ ಓದಲು ಬಾರದಿದ್ದರೆ, "ಮನೆಗೆ ಒಯ್ದು ಓದಿಸಿ ತರುತ್ತೇನೆ" ಎಂದು ಹೇಳಿ, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಸೆಟ್ಲ್‌ಮೆಂಟ್ ತಡವಾಗುತ್ತದೆ ಎನ್ನುವ ಬೆದರಿಕೆಗೆ ಕಾನೂನಿನ ಬಲವಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕೆಲಸದಿಂದ ತೆಗೆದರೂ, ತಾನೇ ಬಿಟ್ಟರೂ, ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.

ಹಾಳೆಯಷ್ಟೇ ಅಲ್ಲ, ಕಂಪ್ಯೂಟರಿನಲ್ಲೂ ಇದೇ ಕಥೆ. ಪ್ರತಿ ತಿಂಗಳು ಮಾಲೀಕರ ಕಡೆಯವರು ಇಎಸ್‌ಐ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಎದುರು ಸಂಬಳ ಸಂದಾಯವಾದ ದಿನ ಮತ್ತು ಸಂಬಳದ ಮೊತ್ತ ತುಂಬುತ್ತಾರೆ. ದಿನ ಸೊನ್ನೆ ಎಂದಾದರೆ ಕಾರಣ ಕೇಳುತ್ತದೆ. ಆ ಕಾರಣಗಳಿಗೆ ನಂಬರ್‌ಗಳಿವೆ. 2 ಎಂದರೆ ಲೆಫ್ಟ್ ಸರ್ವಿಸ್, ಕೆಲಸ ಬಿಟ್ಟರು ಎಂದು. 10 ಎಂದರೆ ರಿಟ್ರೆಂಚ್‌ಮೆಂಟ್. 11 ಎಂದರೆ ನೋ ವರ್ಕ್. ಲೆಕ್ಕ ಬರೆಯುವ ಹುಡುಗ ಯಾವ ದುರುದ್ದೇಶವೂ ಇಲ್ಲದೆ, ಅಭ್ಯಾಸಬಲದಿಂದ 2 ಒತ್ತುವುದೇ ಹೆಚ್ಚು. ನಾಳೆ ಬ್ರಾಂಚ್ ಆಫೀಸಿನಲ್ಲಿ ನಿಮ್ಮ ಫೈಲ್ ತೆರೆದಾಗ ಕಾಣುವುದು ಆ ನಂಬರೇ. ಹಾಗಾಗಿ ಕೆಲಸ ಹೋದ ಮರುತಿಂಗಳ ವಂತಿಗೆಯ ಚಲನ್ ತುಂಬುವ ಮೊದಲೇ ಲಿಖಿತದಲ್ಲಿ ಕೇಳಿ: ನನ್ನ ಕೊನೆಯ ದಿನಾಂಕ ಇಂಥದ್ದು, ಕಾರಣ ಇಂಥದ್ದು, ಹಾಗೆಯೇ ನಮೂದಿಸಿ ಎಂದು. ಪತ್ರದ ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಕೊಡಲೊಪ್ಪದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಈಗ ಅಟಲ್ ಯೋಜನೆಯ ಅರ್ಹತೆ. ಇದನ್ನು ನಿಧಾನವಾಗಿ ಹೇಳುತ್ತೇವೆ, ಏಕೆಂದರೆ ಅರ್ಜಿಗಳು ಬೀಳುವುದು ಇಲ್ಲೇ. ಇಎಸ್‌ಐಯಲ್ಲಿ ವರ್ಷವನ್ನು ಎರಡು ವಂತಿಗೆ ಅವಧಿಯಾಗಿ ಒಡೆದಿದ್ದಾರೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವ ಮೊದಲು ಕನಿಷ್ಠ ಎರಡು ವರ್ಷ ಇಎಸ್‌ಐ ಇರುವ ಕೆಲಸದಲ್ಲಿ ಇದ್ದಿರಬೇಕು. ಕೆಲಸ ಹೋಗುವುದಕ್ಕೆ ತಕ್ಷಣದ ಹಿಂದಿನ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನ ಇರಬೇಕು. ಮೊದಲು ನಾಲ್ಕೂ ಅವಧಿಗಳಲ್ಲಿ ತಲಾ 78 ದಿನ ಬೇಕಿತ್ತು. ಕೊರೊನಾ ಕಾಲದಲ್ಲಿ ಸಡಿಲಿಸಿದರು. ಭತ್ಯೆಯನ್ನೂ ನೂರಕ್ಕೆ 25ರಿಂದ 50ಕ್ಕೆ ಏರಿಸಿದ್ದು, 90 ದಿನ ಕಾಯಬೇಕಿದ್ದುದನ್ನು 30 ದಿನಕ್ಕೆ ಇಳಿಸಿದ್ದು ಆಗಲೇ.

78 ಎಂಬುದು ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಆದರೆ ಆರ್ಡರ್ ಇಲ್ಲದ ಸೀಸನ್ನಿನಲ್ಲಿ ಏನಾಗುತ್ತದೆ ನೋಡಿ. ಏಪ್ರಿಲ್ ಮೊದಲ ವಾರ ಕೆಲಸ ಹೋಯಿತು ಎನ್ನಿ. ತಕ್ಷಣದ ಹಿಂದಿನ ಅವಧಿ ಅಕ್ಟೋಬರ್‌ನಿಂದ ಮಾರ್ಚ್. ಪೋರ್ಟಲ್‌ನಲ್ಲಿ ಹೀಗಿದೆ: ಅಕ್ಟೋಬರ್ 25, ನವೆಂಬರ್ 23, ಡಿಸೆಂಬರ್ 18, ಜನವರಿ 9, ಫೆಬ್ರವರಿ ಸೊನ್ನೆ, ಮಾರ್ಚ್ ಸೊನ್ನೆ. ಕೂಡಿದರೆ 75. ಮೂರು ದಿನ ಕಡಿಮೆ ಬಿದ್ದು ಅರ್ಜಿ ತಿರಸ್ಕೃತವಾಗುತ್ತದೆ. ಈಗ ಆ ಆರು ತಿಂಗಳ ಪೇ ಸ್ಲಿಪ್ ತೆಗೆದು ಪಕ್ಕದಲ್ಲಿ ಇಡಿ. ಗಾಂಧಿ ಜಯಂತಿಗೆ ಸಂಬಳ ಸಹಿತ ರಜೆ ಕೊಟ್ಟಿದ್ದಾರೆ, ರಾಜ್ಯೋತ್ಸವಕ್ಕೆ ಕೊಟ್ಟಿದ್ದಾರೆ, ದೀಪಾವಳಿಗೆ ಕೊಟ್ಟಿದ್ದಾರೆ. ಆದರೆ ಪೋರ್ಟಲ್‌ನಲ್ಲಿ ಮಷೀನಿನ ಮುಂದೆ ಕೂತ ದಿನಗಳನ್ನಷ್ಟೇ ತುಂಬಿದ್ದಾರೆ. ಅಲ್ಲಿ ತುಂಬಬೇಕಾದದ್ದು ಸಂಬಳ ಸಂದಾಯವಾದ ದಿನ, ಹಾಜರಿ ಹಾಕಿದ ದಿನ ಅಲ್ಲ. ಆ ಮೂರು ದಿನ ಸೇರಿಸಿದರೆ 78 ಆಗುತ್ತದೆ, ಅರ್ಹತೆ ಬರುತ್ತದೆ. ಇದನ್ನು ತಿದ್ದಲು ಮಾಲೀಕರು ಸಪ್ಲಿಮೆಂಟರಿ ಚಲನ್, ಅಂದರೆ ಬಿಟ್ಟುಹೋದದ್ದನ್ನು ಸೇರಿಸುವ ಪೂರಕ ಚಲನ್ ಹಾಕಬಹುದು. ಅದನ್ನು ಕೇಳಿ ಮಾಡಿಸಿಕೊಳ್ಳಲು ಕೆಲಸದಲ್ಲಿರುವಾಗಲೇ ಸುಲಭ, ಗೇಟಿನ ಹೊರಗೆ ಬಂದಮೇಲೆ ಫೋನನ್ನೂ ಎತ್ತುವುದಿಲ್ಲ. ಅದಕ್ಕೇ ಹೇಳುವುದು, ಇವತ್ತು ರಾತ್ರಿಯೇ ನಿಮ್ಮ 10 ಅಂಕಿಯ ಇನ್ಶೂರೆನ್ಸ್ ನಂಬರ್ ಹಾಕಿ ಇಎಸ್‌ಐ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ವಂತಿಗೆಯ ವಿವರ ತೆಗೆದು ನೋಡಿ. ನಿಮಗೆ ಬಾರದಿದ್ದರೆ ಮಕ್ಕಳ ಕೈಯಲ್ಲಿ ಮಾಡಿಸಿ.

730ರ ವಿಷಯದಲ್ಲೂ ಒಂದು ಮಾತು. ನೀವು ಹದಿನೆಂಟು ತಿಂಗಳಷ್ಟೇ ಸಂಬಳ ಪಡೆದಿದ್ದರೂ ಭಾಗಿಸುವುದು 730ರಿಂದಲೇ. 14,600ರಂತೆ ಹದಿನೆಂಟು ತಿಂಗಳಿಗೆ 2,62,800, ದಿನಕ್ಕೆ 360, ಅರ್ಧ 180, ತೊಂಬತ್ತು ದಿನಕ್ಕೆ 16,200. ಪಕ್ಕದ ಮನೆಯವರಿಗೆ ಇಪ್ಪತ್ತೊಂದು ಸಾವಿರ ಬಂತು, ನನಗೆ ಯಾಕೆ ಕಡಿಮೆ ಎಂದು ಆಫೀಸಿನಲ್ಲಿ ಜಗಳವಾಡುವ ಮೊದಲು ಈ ಲೆಕ್ಕ ಮಾಡಿಕೊಳ್ಳಿ. ಲೆಕ್ಕಕ್ಕಿಂತ ಕಡಿಮೆ ಬಂದಿದ್ದರೆ ಮಾತ್ರ ಖಂಡಿತ ಕೇಳಿ.

ಗುತ್ತಿಗೆಯವರಿಗೆ, ಮ್ಯಾನ್‌ಪವರ್ ಏಜೆನ್ಸಿ ಮೂಲಕ ದುಡಿಯುವವರಿಗೆ ಇನ್ನೊಂದು ತೊಡಕಿದೆ. ಕಾಂಟ್ರಾಕ್ಟರ್ ಬದಲಾದಾಗಲೆಲ್ಲ ಹೊಸ ಇನ್ಶೂರೆನ್ಸ್ ನಂಬರ್ ಮಾಡಿಬಿಡುತ್ತಾರೆ. ಆರು ವರ್ಷ ಒಂದೇ ಗೇಟಿನೊಳಗೆ ದುಡಿದವರ ಹೆಸರಿನಲ್ಲಿ ಮೂರು ನಂಬರ್ ಇರುತ್ತದೆ. ಕೊನೆಯ ನಂಬರಿನಲ್ಲಿ ಒಂದು ವರ್ಷವಷ್ಟೇ ಕಾಣುತ್ತದೆ, "ಎರಡು ವರ್ಷ ಆಗಿಲ್ಲ" ಎಂದು ಉತ್ತರ ಬರುತ್ತದೆ. ಹಳೆಯ ನಂಬರುಗಳ ಕಾರ್ಡು, ಹಳೆಯ ಪೇ ಸ್ಲಿಪ್, ಆಧಾರ್ ಹಿಡಿದು ಬ್ರಾಂಚ್ ಆಫೀಸಿಗೆ ಹೋಗಿ ಎಲ್ಲವನ್ನೂ ಒಂದರಡಿ ಸೇರಿಸಲು ಅರ್ಜಿ ಕೊಡಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಕೆಲಸ ಹೋಗುವವರೆಗೆ ಕಾಯಬೇಡಿ. ಕಾಂಟ್ರಾಕ್ಟರ್ ವಂತಿಗೆ ಕಟ್ಟದೆ ಓಡಿಹೋಗಿದ್ದರೆ ಮುಖ್ಯ ಮಾಲೀಕರೇ ಹೊಣೆ.

ಅರ್ಜಿ ಹಾಕುವ ಕ್ರಮ ಅಂಥ ಕಷ್ಟದ್ದಲ್ಲ. ಕೆಲಸ ಹೋಗಿ 30 ದಿನ ತುಂಬಿದ ಮೇಲೆ ಇಎಸ್‌ಐ ಪೋರ್ಟಲ್‌ನಲ್ಲಿ ವಿಮಾದಾರರ ಲಾಗಿನ್‌ಗೆ ಹೋಗಿ ಅಟಲ್ ಯೋಜನೆಯ ಕ್ಲೇಮ್ ತೆರೆಯಬೇಕು. ಮಾಲೀಕರ ಮೂಲಕ ಹೋಗಬೇಕಾಗಿಲ್ಲ, ಆ ನಿಯಮವನ್ನು 2020ರಲ್ಲೇ ತೆಗೆದಿದ್ದಾರೆ. ಛಾಪಾ ಕಾಗದದ ಅಫಿಡವಿಟ್ ಕೂಡ ಆಗಲೇ ಹೋಯಿತು. ಯಾರಾದರೂ ಕೋರ್ಟ್ ಮುಂದೆ ಕೂತು "ಅಫಿಡವಿಟ್ ಮಾಡಿಸಿ, ಐನೂರು ಕೊಡಿ" ಎಂದರೆ ಕೊಡಬೇಡಿ. ಆಧಾರ್ ಮತ್ತು ಬ್ಯಾಂಕ್ ವಿವರದ ಸ್ಕ್ಯಾನ್ ಏರಿಸಿದರೆ ಸಾಕು. ಏರಿಸಲು ಆಗದಿದ್ದರೆ ಕ್ಲೇಮಿನ ಪ್ರಿಂಟ್ ತೆಗೆದು, ಸಹಿ ಮಾಡಿ, ಜೆರಾಕ್ಸ್ ಪ್ರತಿಗಳ ಜೊತೆ ಬ್ರಾಂಚ್ ಆಫೀಸಿಗೆ ಕೊಡಬೇಕು. ಮುಗಿದ ದಿನಗಳಿಗೆ ಮಾತ್ರ ಕ್ಲೇಮ್, ಮುಂದೆ ಬರುವ ತಿಂಗಳಿಗೆ ಇವತ್ತೇ ಹಾಕಲು ಬರುವುದಿಲ್ಲ. ಕೆಲಸ ಹೋದ ದಿನದಿಂದ ಒಂದು ವರ್ಷ ದಾಟಿದರೆ ಅರ್ಜಿ ತೆಗೆದುಕೊಳ್ಳುವುದಿಲ್ಲ. ಈ ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ. ನಿಮ್ಮ ಕೆಲಸ ಹೋದ ದಿನಾಂಕಕ್ಕೆ ಜಾರಿಯಲ್ಲಿದೆಯೇ ಎಂದು 1800 11 2526ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಿಕೊಳ್ಳಿ.

ಹಣ ನೇರವಾಗಿ ಖಾತೆಗೆ ಬರುತ್ತದೆ, ಅಲ್ಲೂ ಎರಡು ಕಡೆ ಸಿಕ್ಕಿಕೊಳ್ಳುತ್ತದೆ. ಒಂದು, ಹೆಸರು. ಆಧಾರಿನಲ್ಲಿ "ಮಂಜಮ್ಮ ಕೆ", ಇಎಸ್‌ಐಯಲ್ಲಿ "ಕೆ ಮಂಜುಳಾ", ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಸೇರಿಸಿ ಇನ್ನೊಂದು. ನಮ್ಮ ಕಡೆ ಮನೆಯಲ್ಲಿ ಕರೆಯುವ ಹೆಸರು ಬೇರೆ, ಶಾಲೆಯದು ಬೇರೆ ಇರುವುದು ಸಾಮಾನ್ಯ, ಆದರೆ ಕಂಪ್ಯೂಟರ್ ಅವರನ್ನು ಮೂವರು ಎಂದೇ ಎಣಿಸುತ್ತದೆ. ಎರಡು, ಹಳೆಯ ಐಎಫ್‌ಎಸ್‌ಸಿ ಕೋಡ್. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಇಎಸ್‌ಐಗೆ ಹೆಸರು ಹಚ್ಚಿದಾಗ ಕೊಟ್ಟ ಕೋಡ್ ಆ ಕಾಲದ್ದಾಗಿದ್ದರೆ ಹಣ ಹಿಂದಿರುಗುತ್ತದೆ. ಹೊಸ ಪಾಸ್‌ಬುಕ್ಕಿನ ಮೊದಲ ಪುಟ ನೋಡಿ ತಿದ್ದಿಸಿ.

ಯಾರಿಗೆ ಸಿಗುವುದಿಲ್ಲ ಎನ್ನುವುದನ್ನೂ ಮುಚ್ಚಿಡಬಾರದು. ದುರ್ನಡತೆಯ ಮೇಲೆ ತೆಗೆದುಹಾಕಿದವರಿಗೆ, ವಯೋನಿವೃತ್ತಿ ಅಥವಾ ಸ್ವಯಂ ನಿವೃತ್ತಿ ಪಡೆದವರಿಗೆ, ಲಾಕ್‌ಔಟ್ (ಮಾಲೀಕರೇ ಬೀಗ ಹಾಕುವುದು) ಅಥವಾ ಕಾನೂನುಬಾಹಿರ ಮುಷ್ಕರದ ಅವಧಿಗೆ ಇಲ್ಲ. ಎರಡು ಯೋಜನೆಯ ಹಣ ಒಂದೇ ಅವಧಿಗೆ ಸಿಗುವುದಿಲ್ಲ. ಯಾವುದು ದೊಡ್ಡದು ಎಂದು ಈಗಾಗಲೇ ಲೆಕ್ಕ ನೋಡಿದಿರಿ, ರಿಟ್ರೆಂಚ್‌ಮೆಂಟ್ ಅಥವಾ ಮುಚ್ಚುವಿಕೆಯ ಕಾಗದ ಕೈಯಲ್ಲಿದ್ದರೆ ಮೊದಲು ರಾಜೀವ್ ಗಾಂಧಿ ಯೋಜನೆಯನ್ನೇ ಕೇಳಿ, ತಡಮಾಡದೆ ಕೇಳಿ. ಇದಕ್ಕೂ ಎರಡು ವರ್ಷದ ವಿಮೆ ಬೇಕು. ಕೆಲಸದಲ್ಲಿ ಆದ ಗಾಯವಲ್ಲದ ಕಾರಣಕ್ಕೆ ನೂರಕ್ಕೆ 40 ಅಥವಾ ಹೆಚ್ಚು ಶಾಶ್ವತ ಅಂಗವೈಕಲ್ಯವಾಗಿ ಕೆಲಸ ಹೋದವರಿಗೂ ಇದೇ ಯೋಜನೆ ಇದೆ.

ದಾವಣಗೆರೆ, ಚಿತ್ರದುರ್ಗ, ನಮ್ಮ ಈ ಎರಡು ಜಿಲ್ಲೆಗಳ ದುಡಿಮೆಯ ಸ್ವರೂಪದಿಂದಲೇ ಬಹಳ ಮಂದಿ ಈ ಕೊಡೆಯ ಹೊರಗಿದ್ದಾರೆ. ಹತ್ತು ಜನರಿಗಿಂತ ಕಡಿಮೆ ದುಡಿಯುವ ಮಂಡಕ್ಕಿ ಭಟ್ಟಿಗೆ ಇಎಸ್‌ಐ ಅನ್ವಯಿಸುವುದಿಲ್ಲ. ಹತ್ತಿ ಜಿನ್ನಿಂಗ್, ಹತ್ತಿ ಪ್ರೆಸ್ಸಿಂಗ್, ಶೇಂಗಾ ಸುಲಿಯುವುದು, ಇವನ್ನಷ್ಟೇ ಮಾಡುವ ಘಟಕಗಳನ್ನು ಕಾನೂನು ಹಂಗಾಮಿನ ಕಾರ್ಖಾನೆ ಎಂದು ಕರೆದು ಹೊರಗಿಟ್ಟಿದೆ. ಚಿತ್ರದುರ್ಗ, ಚಳ್ಳಕೆರೆ ಕಡೆಯವರಿಗೆ ಇದರ ಪೆಟ್ಟು ಏನೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಅದೇ ಕಾಂಪೌಂಡಿನಲ್ಲಿ ಸುಲಿಯುವುದರ ಜೊತೆಗೆ ಎಣ್ಣೆಯನ್ನೂ ತೆಗೆಯುತ್ತಿದ್ದರೆ ಅದು ಬರೀ ಸುಲಿಯುವ ಘಟಕವಲ್ಲ. "ನಮ್ಮದು ಸೀಸನ್ ಮಿಲ್, ಇಎಸ್‌ಐ ಇಲ್ಲ" ಎನ್ನುವ ಮಾತನ್ನು ಅಂಥ ಕಡೆ ಪ್ರಶ್ನಿಸಬೇಕು. 1948ರ ಇಎಸ್‌ಐ ಕಾಯ್ದೆಯಲ್ಲಿ ಗಣಿಗಳೂ ಹೊರಗಿದ್ದವು. ಹೊಳಲ್ಕೆರೆ, ಹೊಸದುರ್ಗ ಕಡೆಯ ಗಣಿ ಕಾರ್ಮಿಕರ ಪೇ ಸ್ಲಿಪ್‌ನಲ್ಲಿ ಪಿಎಫ್ ಇದ್ದು ಇಎಸ್‌ಐ ಇರಲಿಲ್ಲವೆಂದರೆ ಕಾರಣ ಅದೇ. ಸಂಬಳ 21,000 ದಾಟಿದವರೂ ಆ ವಂತಿಗೆ ಅವಧಿ ಮುಗಿದ ಮೇಲೆ ಇಎಸ್‌ಐನಿಂದ ಹೊರಗೆ.

ಇವರೆಲ್ಲರಿಗೂ ಉಳಿಯುವುದು ಮಾಲೀಕರಿಂದ ಬರಬೇಕಾದ್ದು ಮತ್ತು ಪಿಎಫ್, ಅಂದರೆ ಭವಿಷ್ಯ ನಿಧಿ. ವರ್ಷಕ್ಕೆ 240 ದಿನ ದುಡಿದವರನ್ನು ರಿಟ್ರೆಂಚ್‌ಮೆಂಟ್ ಮಾಡುವಾಗ ಒಂದು ತಿಂಗಳ ನೋಟಿಸ್ ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರವಾಗಿ ಕೊಡಬೇಕು. ಆರು ತಿಂಗಳು ಮೀರಿದ ತುಂಡು ವರ್ಷವನ್ನೂ ಪೂರ್ತಿ ವರ್ಷವೆಂದೇ ಎಣಿಸಬೇಕು. ಹೊಸ ಕೈಗಾರಿಕಾ ಸಂಬಂಧ ಸಂಹಿತೆ ಇದರ ಮೇಲೆ ಇನ್ನೂ 15 ದಿನದ ಸಂಬಳವನ್ನು ಮರುಕೌಶಲ ನಿಧಿಗೆ ಕಟ್ಟಬೇಕು, 45 ದಿನದೊಳಗೆ ಅದು ಕಾರ್ಮಿಕರ ಖಾತೆಗೆ ಬರಬೇಕು ಎನ್ನುತ್ತದೆ. ಕೊಡದಿದ್ದರೆ ಜಿಲ್ಲೆಯ ಕಾರ್ಮಿಕ ಅಧಿಕಾರಿಗೆ ಲಿಖಿತ ದೂರು ಕೊಡಿ. ರಾಜೀನಾಮೆಗೆ ಸಹಿ ಹಾಕಿದವರಿಗೆ ಇದೂ ಇಲ್ಲ, ನೆನಪಿರಲಿ.

ಪಿಎಫ್‌ನಲ್ಲಿ ಎಲ್ಲಕ್ಕಿಂತ ಮೊದಲು ಎಕ್ಸಿಟ್ ದಿನಾಂಕ ನೋಡಿ. ಮಾಲೀಕರು ಹಾಕದಿದ್ದರೆ ಕೊನೆಯ ವಂತಿಗೆಯಿಂದ ಎರಡು ತಿಂಗಳಾದ ಮೇಲೆ ಯುಎಎನ್ (ಪಿಎಫ್‌ನ ಖಾಯಂ ನಂಬರ್) ಪೋರ್ಟಲ್‌ನಲ್ಲಿ ಮಾರ್ಕ್ ಎಕ್ಸಿಟ್ ಎಂಬಲ್ಲಿ ಆಧಾರ್ ಓಟಿಪಿ ಕೊಟ್ಟು ನೀವೇ ಹಾಕಬಹುದು. 2018ರ ಡಿಸೆಂಬರ್‌ನಿಂದ ಬಂದ ನಿಯಮದಲ್ಲಿ ಒಂದು ತಿಂಗಳು ಕೆಲಸವಿಲ್ಲದಿದ್ದರೆ ನೂರಕ್ಕೆ 75, ಎರಡು ತಿಂಗಳಾದರೆ ಉಳಿದದ್ದು ಎಂದಿತ್ತು. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಟ್ರಸ್ಟಿಗಳ ಮಂಡಳಿ, 75 ಭಾಗ ತಕ್ಷಣ, ಉಳಿದ 25 ಭಾಗ ಹನ್ನೆರಡು ತಿಂಗಳ ನಂತರ, ಪಿಂಚಣಿ ಹಣ 36 ತಿಂಗಳ ನಂತರ ಎಂದು ತೀರ್ಮಾನಿಸಿತು. ಅರ್ಜಿ ಹಾಕುವ ದಿನ ಪೋರ್ಟಲ್ ಯಾವ ಮೊತ್ತ ತೋರಿಸುತ್ತದೋ ಅದನ್ನು ನೋಡಿ ನಡೆಯಿರಿ. ಪಿಂಚಣಿ ಭಾಗವನ್ನು ಫಾರ್ಮ್ 10ಸಿ ಹಾಕಿ ಕಿತ್ತುಕೊಳ್ಳುವ ಅವಸರ ಬೇಡ. ಎಂಟು ವರ್ಷ ಸೇವೆಯಾದವರು ಅದೇ ಫಾರ್ಮಿನಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್, ಅಂದರೆ ಸೇವೆಯ ಲೆಕ್ಕ ಉಳಿಸುವ ಪತ್ರ ಕೇಳಿದರೆ, ಮುಂದೆ ಎರಡು ವರ್ಷ ದುಡಿದಾಗ ಹತ್ತು ವರ್ಷ ತುಂಬಿ ಮಾಸಿಕ ಪಿಂಚಣಿಗೆ ಹಕ್ಕುದಾರರಾಗುತ್ತಾರೆ.

ರಾಜ್ಯ ಸರ್ಕಾರದ ಯುವನಿಧಿ ಬಗ್ಗೆ ಕೇಳುವವರು ಬಹಳ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆಗೊಂಡ ಆ ಯೋಜನೆ, ಓದು ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ. ಪದವಿಗೆ 3,000, ಡಿಪ್ಲೊಮಾಕ್ಕೆ 1,500, ಹೆಚ್ಚೆಂದರೆ ಎರಡು ವರ್ಷ. ಇದ್ದ ಕೆಲಸ ಕಳೆದುಕೊಂಡವರಿಗೆ ಮಾಡಿದ ಯೋಜನೆ ಅದಲ್ಲ. ನಿಮ್ಮ ಮನೆಯ ಮಗಳೋ ಮಗನೋ ಅರ್ಹರಿದ್ದರೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿಸಿ.

ಔಷಧಿಯ ವಿಷಯ ಒಂದು ಉಳಿಯಿತು. ಕೆಲಸ ಹೋದ ಮರುದಿನವೇ ನಿಟುವಳ್ಳಿಯ ಇಎಸ್‌ಐ ಆಸ್ಪತ್ರೆಗೆ ಹೋಗುವ ಹಕ್ಕೂ ಹೋಯಿತು ಎಂದು ಅನೇಕರು ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಹಾಗಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 78 ದಿನ ವಂತಿಗೆ ಇದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ ಇರುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆಗೆ ಜುಲೈಯಿಂದ ಡಿಸೆಂಬರ್. ಭತ್ಯೆ ಪಡೆಯುತ್ತಿರುವ ಅವಧಿಯಲ್ಲೂ ಚಿಕಿತ್ಸೆ ಇದೆ. ಕೌಂಟರಿನಲ್ಲಿ ಇಲ್ಲವೆಂದರೆ, ಪೋರ್ಟಲ್‌ನಲ್ಲಿ ನಿಮ್ಮ ಅರ್ಹತೆ ತೋರಿಸುವ ಪುಟದ ಪ್ರಿಂಟ್ ತೋರಿಸಿ. ಕಟ್ಟಿದ ಹಣದ ಬದಲಿಗೆ ಬಂದ ಹಕ್ಕು ಅದು, ಯಾರ ದಯೆಯೂ ಅಲ್ಲ.

ನಡುವೆ ಹೊಸ ಕೆಲಸ ಸಿಕ್ಕಿದರೆ ಸೇರಿದ ದಿನಕ್ಕೆ ಭತ್ಯೆ ನಿಲ್ಲುತ್ತದೆ, ಅಲ್ಲಿಯವರೆಗಿನ ದಿನಗಳದ್ದು ಬಂದೇ ಬರುತ್ತದೆ. ಸೇರಿದ್ದನ್ನು ಮುಚ್ಚಿಟ್ಟು ಹಣ ಪಡೆದರೆ ಸುಳ್ಳು ಹೇಳಿಕೆಯ ಅಪರಾಧವಾಗುತ್ತದೆ. ಹೊಸ ಫ್ಯಾಕ್ಟರಿಯ ಎಚ್‌ಆರ್ ಟೇಬಲ್ ಮುಂದೆ ಮೊದಲ ದಿನ ಕೂತಾಗ, "ಮೊದಲು ಇಎಸ್‌ಐ ಇತ್ತಾ?" ಎಂಬ ಪ್ರಶ್ನೆಗೆ ಅವಸರದಲ್ಲಿ ಇಲ್ಲ ಎನ್ನಬೇಡಿ. ಹಳೆಯ 10 ಅಂಕಿಯ ನಂಬರನ್ನೂ 12 ಅಂಕಿಯ ಯುಎಎನ್ ಅನ್ನೂ ಒಂದು ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡಿ.